ಯಾವ ಹಿಂಡಿನ ಕಥೆ ಓದಬೇಕು? ತೋಳಮಾನವರ ಪ್ರೇಮಕಾದಂಬರಿಗಳ ಆಯ್ಕೆಗೆ ಒಂದು ಹೋಲಿಕೆ

ಮನುಷ್ಯರೂಪದಿಂದ ತೋಳದ ರೂಪಕ್ಕೆ ಬದಲಾಗಬಲ್ಲ ತೋಳಮಾನವರ ಇಂಗ್ಲಿಷ್ ಪ್ರೇಮಕಥೆಗಳನ್ನು ಓದಬೇಕು, ಯಾವುದರಿಂದ ಶುರು ಮಾಡಲಿ ಎಂಬ ಪ್ರಶ್ನೆ ಪುಣೆಯ ಕನ್ನಡ ಗೆಳೆಯರ ನಡುವೆ ನನಗೆ ಮತ್ತೆ ಮತ್ತೆ ಎದುರಾಗುತ್ತದೆ. ಕೇಳುವವರು ಒಂದೇ ಬಗೆಯವರಲ್ಲ. ಹಿಂಜವಡಿಯ ಕಂಪನಿಯಿಂದ ರಾತ್ರಿ ಮನೆಗೆ ಮರಳುವಾಗ ಬಸ್ಸಿನಲ್ಲಿ ಮೊಬೈಲು ಹಿಡಿದೇ ಓದುವವರಿದ್ದಾರೆ; ಡೆಕ್ಕನ್ ಕಡೆಯ ಹಾಸ್ಟೆಲುಗಳಲ್ಲಿದ್ದು ತಿಂಗಳ ಖರ್ಚಿನಲ್ಲಿ ಉಳಿಸಿ ಪುಸ್ತಕ ಕೊಳ್ಳುವ ವಿದ್ಯಾರ್ಥಿನಿಯರಿದ್ದಾರೆ; ಹೈಸ್ಕೂಲಿನ ಮಗಳು ಇಂಥ ಪುಸ್ತಕ ಬೇಕೆನ್ನುತ್ತಿದ್ದಾಳೆ, ಕೊಡಿಸಬಹುದೇ ಎಂದು ಆತಂಕದಿಂದ ವಿಚಾರಿಸುವ ತಾಯಂದಿರೂ ಇದ್ದಾರೆ. ಇವರೆಲ್ಲರಿಗೂ ಒಂದೇ ಹೆಸರು ಹೇಳುವುದು ಸರಿಯಾಗದು. ಅಂಗಡಿಯ ಒಂದೇ ಕಪಾಟಿನಲ್ಲಿ ಒತ್ತೊತ್ತಾಗಿ ನಿಂತ ಈ ಪುಸ್ತಕಗಳಲ್ಲಿ ಒಂದರ ಹಿಂಡು ನಾಯಕಿಗೆ ಆಸರೆ, ಪಕ್ಕದ್ದರ ಹಿಂಡು ಅವಳಿಗೆ ಸೆರೆಮನೆ. ಬೆನ್ನುಡಿ ಓದಿದರೂ ಇದು ಸುಲಭವಾಗಿ ತಿಳಿಯುವುದಿಲ್ಲ.

ಮೊದಲು ಒಂದು ವಿಂಗಡಣೆ ಮಾಡಿಕೊಳ್ಳಬೇಕು. ಅರ್ಬನ್ ಫ್ಯಾಂಟಸಿ ಎಂಬ ಹೆಸರಿನ ಕಾದಂಬರಿಗಳಲ್ಲಿ ನಾವು ಬಲ್ಲಂಥ ನಗರವೇ ಇರುತ್ತದೆ. ಅದರ ರಸ್ತೆ, ಪೊಲೀಸ್ ಠಾಣೆ, ಗ್ಯಾರೇಜು, ಬಾಡಿಗೆ ಮನೆಗಳ ನಡುವೆಯೇ ತೋಳಮಾನವರೂ ಬದುಕುತ್ತಾರೆ. ಕಥೆಯನ್ನು ಮುಂದಕ್ಕೆಳೆಯುವುದು ಒಂದು ಕೊಲೆಯೋ, ಕಾಣೆಯಾದ ವ್ಯಕ್ತಿಯೋ, ಅಧಿಕಾರದ ಕಚ್ಚಾಟವೋ ಆಗಿರುತ್ತದೆ. ಪ್ರೇಮವು ಅದರ ಮಗ್ಗುಲಲ್ಲಿ ಹಲವು ಸಂಪುಟಗಳ ಉದ್ದಕ್ಕೂ ನಿಧಾನವಾಗಿ ಬೆಳೆಯುತ್ತದೆ. ಪ್ಯಾರಾನಾರ್ಮಲ್ ರೊಮ್ಯಾನ್ಸ್ ಎನ್ನುವ ಬಗೆಯಲ್ಲಿ ಪ್ರೇಮವೇ ಕಥೆ. ಒಂದು ಪುಸ್ತಕಕ್ಕೆ ಒಂದು ಜೋಡಿ, ಕೊನೆಗೆ ಅವರು ಒಂದಾಗುತ್ತಾರೆಂಬ ಭರವಸೆ ಮೊದಲ ಪುಟದಿಂದಲೇ ಇರುತ್ತದೆ. ಮೊದಲನೆಯದು ತಾಳ್ಮೆಯನ್ನು ಕೇಳುತ್ತದೆ, ಎರಡನೆಯದು ಬೇಗ ಮನಸ್ಸು ತುಂಬಿಸುತ್ತದೆ. ನಿಮಗೆ ಬೇಕಾದುದು ಇವೆರಡರಲ್ಲಿ ಯಾವುದು ಎಂಬುದನ್ನು ನಿರ್ಧರಿಸಿಕೊಂಡರೆ ಅರ್ಧ ಆಯ್ಕೆ ಮುಗಿದಂತೆ.

ಉಳಿದ ಅರ್ಧಕ್ಕೆ ನಾನು ಬಳಸುವ ಅಳತೆಗೋಲುಗಳಲ್ಲಿ ಒಂದು ಮಾತ್ರ ಎಲ್ಲಕ್ಕಿಂತ ಮೇಲಿನದು. ಕಥೆಯ ಹೆಣ್ಣು ಬೇಡ ಎಂದಾಗ ಹಿಂಡು ಏನು ಮಾಡುತ್ತದೆ? ಈ ಪ್ರಕಾರದ ಹೆಚ್ಚಿನ ಕಾದಂಬರಿಗಳಲ್ಲಿ ತೋಳಮಾನವನೊಳಗಿನ ತೋಳಕ್ಕೆ ತನ್ನ ಸಂಗಾತಿ ಯಾರೆಂದು ಮೊದಲೇ ತಿಳಿದುಬಿಡುತ್ತದೆ. ಮನುಷ್ಯನ ಮನಸ್ಸು ಒಪ್ಪುವ ಮುನ್ನವೇ ಮೃಗದ ಮೂಗು ತೀರ್ಮಾನ ಕೊಟ್ಟಿರುತ್ತದೆ. ಇಲ್ಲಿಂದ ಲೇಖಕರ ದಾರಿಗಳು ಕವಲೊಡೆಯುತ್ತವೆ. ಕೆಲವರು ಆ ಬಂಧವನ್ನು ಪ್ರಶ್ನಾತೀತ ವಿಧಿಯೆಂದು ಒಪ್ಪಿ ಮುಂದೆ ಸಾಗುತ್ತಾರೆ. ಇನ್ನು ಕೆಲವರು ವಿಧಿಗೂ ಒಪ್ಪಿಗೆಗೂ ನಡುವೆ ಇರುವ ಅಂತರದಲ್ಲೇ ಇಡೀ ಕಾದಂಬರಿಯನ್ನು ಕಟ್ಟುತ್ತಾರೆ. ಇದರ ಜೊತೆಗೆ ನೋಡಬೇಕಾದವು: ಹಿಂಡು ಕುಟುಂಬದಂತಿದೆಯೇ, ಸೈನಿಕರ ದಳದಂತಿದೆಯೇ ಅಥವಾ ಒಂದು ಪುಟ್ಟ ರಾಜ್ಯದಂತಿದೆಯೇ, ಅದರೊಳಗೆ ಹೆಣ್ಣಿನ ಸ್ಥಾನ ಅವಳದೇ ಆದುದೋ, ಗಂಡಿನ ಮೂಲಕ ಬಂದುದೋ, ಸರಣಿ ಮುಗಿದಿದೆಯೋ, ಇನ್ನೂ ನಡೆಯುತ್ತಿದೆಯೋ, ಕ್ರೌರ್ಯ ಮತ್ತು ಶೃಂಗಾರ ಯಾವ ವಯಸ್ಸಿನವರಿಗೆ ತಕ್ಕಷ್ಟಿವೆ. ಬೆಲೆಯ ವಿಚಾರವನ್ನು ಮುಂದೆ ಬೇರೆಯಾಗಿ ಹೇಳುತ್ತೇನೆ.

ಹಿಂಡಿನ ರಚನೆಯ ಬಗ್ಗೆ ಒಂದು ಸಂಗತಿಯನ್ನು ತಿಳಿದಿದ್ದರೆ ಈ ಪುಸ್ತಕಗಳ ಓದು ಬೇರೆಯೇ ಆಗುತ್ತದೆ. ನಾಯಕ ತೋಳವೊಂದು ಕಾದಾಡಿ ಗೆದ್ದು ಉಳಿದವುಗಳನ್ನು ಅಂಕೆಯಲ್ಲಿಡುತ್ತದೆ ಎಂಬ ಚಿತ್ರ ಬಹುಮಟ್ಟಿಗೆ ಬಂದದ್ದು ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಗಮನಿಸಿ 1947ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಅಮೆರಿಕದ ತೋಳತಜ್ಞ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಆ ಚಿತ್ರವನ್ನು ಜನಪ್ರಿಯಗೊಳಿಸಿದರು. ಮುಂದೆ ಆರ್ಕ್ಟಿಕ್‌ನ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದ ಮೇಲೆ 1999ರಲ್ಲಿ ಅವರೇ ಅದನ್ನು ತಿದ್ದಿದರು. ಕಾಡಿನ ಹಿಂಡು ಸಾಮಾನ್ಯವಾಗಿ ಒಂದು ಸಂಸಾರ: ತಂದೆ, ತಾಯಿ, ಒಂದೆರಡು ವರ್ಷಗಳ ಮರಿಗಳು. ಪುಣೆಯಿಂದ ಬಾರಾಮತಿ, ಇಂದಾಪುರಗಳ ಕಡೆಗೆ ಹೋದರೆ ಧನಗರರ ಕುರಿಮಂದೆಗಳು ಮೇಯುವ ಒಣ ಹುಲ್ಲುಗಾವಲುಗಳಲ್ಲಿ ಇಂದಿಗೂ ಉಳಿದಿರುವ ತೋಳಗಳೂ ಹೀಗೆ ಸಣ್ಣ ಸಂಸಾರಗಳಾಗಿಯೇ ಬದುಕುತ್ತವೆ. ಆದ್ದರಿಂದ ಒಬ್ಬ ಲೇಖಕಿ ತನ್ನ ಹಿಂಡನ್ನು ಕಾದಾಟದ ಮೇಲೆ ಕಟ್ಟಿದರೆ ಅದು ಪ್ರಕೃತಿಯ ಒತ್ತಾಯವಲ್ಲ, ಲೇಖಕಿಯ ಆಯ್ಕೆ. ಆ ಆಯ್ಕೆಗೆ ಆಕೆ ಕಥೆಯೊಳಗೆ ಉತ್ತರ ಕೊಡುತ್ತಾಳೆಯೇ ಎಂದು ಓದುಗರು ಕೇಳಬಹುದು, ಕೇಳಬೇಕು.

ಈಗ ಪುಸ್ತಕಗಳಿಗೆ ಬರೋಣ. ಮೊದಲಿಗೆ ಕೆನಡಾದ ಕೆಲ್ಲಿ ಆರ್ಮ್‌ಸ್ಟ್ರಾಂಗ್ ಅವರ ‘ಬಿಟನ್’, 2001ರಲ್ಲಿ ಬಂದದ್ದು. ಇದರ ಎಲೆನಾ ಮೈಕಲ್ಸ್ ಟೊರಾಂಟೊದಲ್ಲಿ ಪತ್ರಕರ್ತೆಯಾಗಿ, ಅವಳು ತೋಳಮಾನವಳೆಂಬುದು ತಿಳಿಯದ ಒಬ್ಬ ಒಳ್ಳೆಯ ಗಂಡಸಿನ ಜೊತೆ ಸಾಮಾನ್ಯ ಬದುಕು ನಡೆಸಲು ಹೆಣಗುತ್ತಿರುತ್ತಾಳೆ. ಆಕೆ ಬಿಟ್ಟುಬಂದ ಹಿಂಡು ನ್ಯೂಯಾರ್ಕ್ ರಾಜ್ಯದ ಸ್ಟೋನ್‌ಹೇವನ್ ಎಂಬ ಹಳ್ಳಿಮನೆಯಲ್ಲಿದೆ. ಬೆರಳೆಣಿಕೆಯ ಗಂಡಸರು, ಶಾಂತ ಸ್ವಭಾವದ ನಾಯಕ ಜೆರೆಮಿ, ಮತ್ತು ಅವಳನ್ನು ಪ್ರೀತಿಸಿದ, ಅವಳ ಒಪ್ಪಿಗೆಯಿಲ್ಲದೆ ಕಚ್ಚಿ ತೋಳವಾಗಿಸಿದ ಕ್ಲೇ. ಆ ಲೋಕದಲ್ಲಿ ಕಡಿತದ ನಂತರವೂ ಬದುಕುಳಿದ ಹೆಣ್ಣು ಅವಳೊಬ್ಬಳೇ. ಹಿಂಡಿಗೆ ಆಪತ್ತು ಬಂದು ಕರೆ ಬಂದಾಗ ಅವಳು ಹಿಂದಿರುಗುತ್ತಾಳೆ, ಅಲ್ಲಿಂದ ಕಥೆ ಏರುತ್ತದೆ.

ಊರನ್ನು ಬಿಟ್ಟು ಮುಂಬಯಿಗೋ ಪುಣೆಗೋ ಬಂದು ನೆಲೆಸಿದ ಕನ್ನಡಿಗರಿಗೆ ಈ ಕಾದಂಬರಿ ಬೇರೆಯವರಿಗಿಂತ ಹೆಚ್ಚು ನಾಟೀತೆಂದು ನನಗೆ ಅನ್ನಿಸುತ್ತದೆ. ಉಡುಪಿಯ ಕಡೆಯಿಂದ ಬಂದವರು ಒಂದೇ ಖೋಲಿಯಲ್ಲಿ ಒಟ್ಟಾಗಿ ಬಾಳಿ, ಸಂಘ ಕಟ್ಟಿ, ಒಬ್ಬರಿಗೊಬ್ಬರು ಕೆಲಸ ಕೊಡಿಸಿ, ಮಕ್ಕಳ ಮದುವೆಯ ಮಾತನ್ನೂ ಆ ವಲಯದೊಳಗೇ ಆಡಿದ ಚರಿತ್ರೆ ನಮ್ಮದು. ಆ ಆಸರೆಯ ಬೆಲೆಯೂ ನಮಗೆ ಗೊತ್ತು: ಮರಾಠಿ ಹುಡುಗನನ್ನು ಮೆಚ್ಚಿದ ಮಗಳಿಗೆ ಮನೆಯವರಿಗಿಂತ ಮೊದಲು ಪ್ರಶ್ನೆ ಕೇಳುವವರು ಸಂಘದ ಹಿರಿಯರು. ಎಲೆನಾ ಹಿಂಡನ್ನು ದ್ವೇಷಿಸುತ್ತಲೇ ಅದರ ಅಡುಗೆಮನೆಯಲ್ಲಿ ನೆಮ್ಮದಿಯಾಗಿ ಉಂಡು ಮಲಗುವ ಭಾಗಗಳನ್ನು ಓದುವಾಗ ಈ ಇಬ್ಬಗೆಯ ಸೆಳೆತವನ್ನು ಲೇಖಕಿ ಎಷ್ಟು ಪ್ರಾಮಾಣಿಕವಾಗಿ ಹಿಡಿದಿದ್ದಾರೆಂದು ತಿಳಿಯುತ್ತದೆ. ಆದರೆ ನನ್ನ ಮುಖ್ಯ ಅಳತೆಗೋಲಿನಲ್ಲಿ ಇದು ಪೂರ್ತಿ ಪಾಸಾಗುವುದಿಲ್ಲ. ಕ್ಲೇ ಮಾಡಿದ ಅಪರಾಧವನ್ನು ಕಾದಂಬರಿ ಮರೆಮಾಚುವುದಿಲ್ಲ, ಎಲೆನಾಳ ಸಿಟ್ಟನ್ನು ಸಣ್ಣದಾಗಿಸುವುದೂ ಇಲ್ಲ. ಆದರೂ ಕೊನೆಗೆ ಕಥೆಯ ಒಲವು ಅವನ ಕಡೆಗೇ ವಾಲುತ್ತದೆ. ಇದನ್ನು ಸಹಿಸಲಾಗದವರು ಈ ಪುಸ್ತಕವನ್ನು ಬಿಡುವುದೇ ಒಳ್ಳೆಯದು. ಸಹಿಸಬಲ್ಲವರಿಗೆ ಹಿಂಡಿನ ಬದುಕಿನ ಇಷ್ಟು ಸಾಂದ್ರವಾದ ಚಿತ್ರ ಬೇರೆಡೆ ಸಿಗುವುದು ಕಷ್ಟ. ಮುಂದಿನ ಸಂಪುಟಗಳಲ್ಲಿ ನಾಯಕತ್ವದ ಉತ್ತರಾಧಿಕಾರ ಎಲೆನಾಳಿಗೇ ಬರುತ್ತದೆ ಎಂಬುದು ತೂಗುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಅಂಶ. 13 ಕಾದಂಬರಿಗಳ ಈ ಸರಣಿ 2012ರಲ್ಲಿ ಮುಗಿದಿದೆ, ಆದರೆ ನಡುವಿನ ಹಲವು ಪುಸ್ತಕಗಳು ಮಾಟಗಾತಿಯರೇ ಮೊದಲಾದ ಬೇರೆ ನಾಯಕಿಯರವು. ತೋಳಗಳಷ್ಟೇ ಬೇಕೆನ್ನುವವರು ಎಲ್ಲವನ್ನೂ ಕೊಳ್ಳಬೇಕಾಗಿಲ್ಲ.

ಇದಕ್ಕೆ ಎದುರಾಗಿ ಇಟ್ಟು ನೋಡಬೇಕಾದುದು ಕ್ಯಾರಿ ವಾನ್ ಅವರ ಕಿಟಿ ನಾರ್ವಿಲ್ ಸರಣಿ. ಮೊದಲ ಪುಸ್ತಕ ‘ಕಿಟಿ ಆ್ಯಂಡ್ ದ ಮಿಡ್‌ನೈಟ್ ಅವರ್’ 2005ರದು. ಕಿಟಿ ಡೆನ್ವರ್ ನಗರದ ರೇಡಿಯೊ ನಿರೂಪಕಿ. ನಡುರಾತ್ರಿಯ ಕಾರ್ಯಕ್ರಮದಲ್ಲಿ ಕೇಳುಗರ ಫೋನು ಕರೆಗಳಿಗೆ ಉತ್ತರಿಸುತ್ತ, ತಾನೂ ತೋಳಮಾನವಳೆಂಬುದನ್ನು ಬಹಿರಂಗಪಡಿಸುವ ಸ್ಥಿತಿಗೆ ಬರುತ್ತಾಳೆ. ಆರಂಭದಲ್ಲಿ ಅವಳು ಹಿಂಡಿನ ಅತ್ಯಂತ ಕೆಳಗಿನ ಸದಸ್ಯೆ. ನಾಯಕ ಕಾರ್ಲ್ ಅವಳನ್ನು ಕಾಪಾಡುತ್ತೇನೆನ್ನುತ್ತಲೇ ಅವಳ ದೇಹ, ಕೆಲಸ, ಹಣ ಎಲ್ಲದರ ಮೇಲೆ ಹಕ್ಕು ಸ್ಥಾಪಿಸಲು ನೋಡುತ್ತಾನೆ, ಮತ್ತು ಆ ರಕ್ಷಣೆ ಅವಳಿಗೆ ಹಿತವಾಗಿಯೂ ಇರುತ್ತದೆ. ಕಾದಂಬರಿಯ ಶಕ್ತಿ ಇರುವುದು ಇಲ್ಲೇ. ಆರ್ಮ್‌ಸ್ಟ್ರಾಂಗ್ ಕ್ಷಮೆಯ ಕಡೆಗೆ ಹೊರಳುವಲ್ಲಿ ವಾನ್ ಹೊರನಡೆಯುವ ಕಡೆಗೆ ಹೊರಳುತ್ತಾರೆ: ಕೆಲಸದಲ್ಲಿ ಅವಳ ಮಾತಿಗೆ ಬೆಲೆ ಬಂದಂತೆ ಹಿಂಡಿನಲ್ಲಿ ತಲೆ ತಗ್ಗಿಸುವುದು ಅವಳಿಗೆ ಕಷ್ಟವಾಗುತ್ತ ಹೋಗುತ್ತದೆ. ಹೊರಬಂದ ಕಿಟಿ ಒಂಟಿಯಾಗುತ್ತಾಳೆ, ಆ ಒಂಟಿತನವನ್ನು ಲೇಖಕಿ ಹಗುರಗೊಳಿಸುವುದಿಲ್ಲ. ಮುಂದೆ ವಕೀಲ ಬೆನ್‌ನ ಜೊತೆಗೂಡಿ ಅವಳು ತನ್ನದೇ ಹಿಂಡನ್ನು ನಡೆಸುತ್ತಾಳೆ. ಪ್ರೇಮ ಇಲ್ಲಿ ತಡವಾಗಿ, ಸ್ನೇಹದ ದಾರಿಯಲ್ಲಿ ಬರುತ್ತದೆ. ಮೊದಲ ಪುಸ್ತಕದಲ್ಲೇ ಜೋಡಿ ಕೂಡಬೇಕೆನ್ನುವವರಿಗೆ ನಿರಾಶೆಯಾದೀತು. ಸರಣಿಯ 14 ಕಾದಂಬರಿಗಳು 2015ರಲ್ಲಿ ಮುಗಿದಿವೆ, ಪುಸ್ತಕಗಳು ಗಾತ್ರದಲ್ಲಿ ಚಿಕ್ಕವು, ಭಾಷೆ ತಿಳಿ. ಇಂಗ್ಲಿಷ್ ಕಾದಂಬರಿ ಓದುವ ಅಭ್ಯಾಸ ಈಗಷ್ಟೇ ಶುರುವಾದವರಿಗೆ, ಉದ್ಯೋಗಕ್ಕೆ ಸೇರಿ ಮೊದಲ ಬಾರಿ ತಮ್ಮ ದುಡ್ಡು ತಮ್ಮ ಕೈಯಲ್ಲಿರುವ ಹುಡುಗಿಯರಿಗೆ ನಾನು ಮೊದಲು ಹೇಳುವ ಹೆಸರು ಇದೇ.

ಪ್ಯಾಟ್ರಿಷಿಯಾ ಬ್ರಿಗ್ಸ್ ಅವರದು ನಡುವಿನ ಹಾದಿ. ಅವರ ಎರಡು ಸರಣಿಗಳು ಒಂದೇ ಲೋಕದಲ್ಲಿ ನಡೆಯುತ್ತವೆ, ಓದುಗರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. 2006ರ ‘ಮೂನ್ ಕಾಲ್ಡ್’ನಿಂದ ಶುರುವಾಗುವ ಮರ್ಸಿ ಥಾಂಪ್ಸನ್ ಸರಣಿಯ ನಾಯಕಿ ವಾಷಿಂಗ್ಟನ್ ರಾಜ್ಯದ ಟ್ರೈ ಸಿಟೀಸ್ ಎಂಬಲ್ಲಿ ಫೋಕ್ಸ್‌ವ್ಯಾಗನ್ ಕಾರುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್. ಅವಳು ತೋಳವಲ್ಲ, ಕಯೋಟಿ ಎಂಬ ಸಣ್ಣ ಕಾಡುನಾಯಿಯ ರೂಪ ತಾಳಬಲ್ಲವಳು. ತೋಳಮಾನವರ ಮನೆಯಲ್ಲಿ ಬೆಳೆದರೂ ಹೊರಗಿನವಳು. ಬೇಲಿಯಾಚೆಯ ಮನೆಯಲ್ಲಿ ಸ್ಥಳೀಯ ಹಿಂಡಿನ ನಾಯಕ ಆ್ಯಡಮ್ ಇದ್ದಾನೆ. ಅವನನ್ನು ಒಪ್ಪಿಕೊಂಡರೆ ಅವನ ಇಡೀ ಹಿಂಡನ್ನೂ ಒಪ್ಪಿಕೊಂಡಂತೆ ಎಂಬುದನ್ನು ಮರ್ಸಿ ಬಲ್ಲಳು, ಹಿಂಡಿನ ಹಲವರಿಗೆ ಅವಳು ಬೇಡ ಎಂಬುದನ್ನೂ ಬಲ್ಲಳು. ಈ ಲೋಕದಲ್ಲಿ ಹೆಣ್ಣುತೋಳದ ಸ್ಥಾನ ಅವಳ ಸಂಗಾತಿಯ ಸ್ಥಾನದಿಂದ ನಿರ್ಧಾರವಾಗುತ್ತದೆ. ಸಂಗಾತಿಯಿಲ್ಲದವಳು ಎಲ್ಲರಿಗಿಂತ ಕೆಳಗೆ. ಬ್ರಿಗ್ಸ್ ಈ ಕಟ್ಟಳೆಯನ್ನು ಹೊಗಳುವುದಿಲ್ಲ. ಹಿಂಡಿನ ಹೊರಗೆ ನಿಂತ ಮರ್ಸಿಯ ಕಣ್ಣಿನಿಂದ ಅದನ್ನು ತೋರಿಸಿ, ಸಂಪುಟದಿಂದ ಸಂಪುಟಕ್ಕೆ ಒಂದೊಂದೇ ಕಲ್ಲು ಸಡಿಲಿಸುತ್ತಾರೆ. ಆದರೆ ಮೂರನೆಯ ಪುಸ್ತಕ ‘ಐರನ್ ಕಿಸ್ಡ್’ನಲ್ಲಿ ನಾಯಕಿಯ ಮೇಲೆ ಲೈಂಗಿಕ ದೌರ್ಜನ್ಯ ನಡೆಯುತ್ತದೆ, ಅದರ ಗಾಯ ಮುಂದಿನ ಪುಸ್ತಕಗಳಿಗೂ ಹರಿಯುತ್ತದೆ. ಇದನ್ನು ಮೊದಲೇ ತಿಳಿದು ಕೈಗೆತ್ತಿಕೊಳ್ಳಬೇಕು.

ಬ್ರಿಗ್ಸ್ ಅವರ ಇನ್ನೊಂದು ಸರಣಿ ‘ಆಲ್ಫಾ ಆ್ಯಂಡ್ ಒಮೆಗಾ’ ಪ್ರೇಮಕ್ಕೆ ಹೆಚ್ಚು ಜಾಗ ಕೊಡುತ್ತದೆ. ಇದರ ಆ್ಯನಾಳನ್ನು ಶಿಕಾಗೊದ ಹಿಂಡೊಂದು ಅವಳ ಇಚ್ಛೆಗೆ ವಿರುದ್ಧವಾಗಿ ತೋಳವಾಗಿಸಿ, ವರ್ಷಗಳ ಕಾಲ ಹಿಂಸಿಸಿದೆ. ತನಿಖೆಗೆ ಬರುವ ಚಾರ್ಲ್ಸ್‌ನಿಗೆ ಅವಳು ಒಮೆಗಾ ಎಂದು ತಿಳಿಯುತ್ತದೆ, ಅಂದರೆ ಮೇಲು ಕೀಳಿನ ಶ್ರೇಣಿಗೆ ಒಳಪಡದೆ, ಕೆರಳಿದ ತೋಳಗಳನ್ನು ಶಾಂತಗೊಳಿಸಬಲ್ಲವಳು. ಅವರಿಬ್ಬರ ತೋಳಗಳು ಕೂಡಲೇ ಒಂದನ್ನೊಂದು ಆರಿಸಿಕೊಳ್ಳುತ್ತವೆ, ಮನುಷ್ಯರು ಮಾತ್ರ ಪರಸ್ಪರ ಅಪರಿಚಿತರಾಗಿಯೇ ಉಳಿಯುತ್ತಾರೆ. ಮೃಗ ಒಪ್ಪಿದ ಮೇಲೂ ಮನುಷ್ಯಳ ಒಪ್ಪಿಗೆಗಾಗಿ ಕಾಯುವ ಈ ಗಂಡು, ನನ್ನ ಅಭಿಪ್ರಾಯದಲ್ಲಿ, ವಿಧಿಬಂಧದ ಕಲ್ಪನೆಗೆ ಈ ಪ್ರಕಾರ ಕೊಟ್ಟಿರುವ ಅತ್ಯುತ್ತಮ ಉತ್ತರ. ಒಂದು ಎಚ್ಚರಿಕೆ: ಅವರ ಭೇಟಿಯ ಕಥೆ 2007ರ ‘ಆನ್ ದ ಪ್ರೌಲ್’ ಎಂಬ ಸಂಕಲನದಲ್ಲಿ ಕಿರುಕಾದಂಬರಿಯಾಗಿ ಬಂದಿತ್ತು; 2008ರ ‘ಕ್ರೈ ವುಲ್ಫ್’ ಅದರ ಮುಂದಿನ ಭಾಗ. ಕಿರುಕಾದಂಬರಿಯನ್ನು ಬಿಟ್ಟು ‘ಕ್ರೈ ವುಲ್ಫ್’ ಹಿಡಿದವರಿಗೆ ಬಾಗಿಲು ದಾಟದೆ ಕಿಟಕಿಯಿಂದ ಮನೆಯೊಳಗೆ ಇಳಿದಂತಾಗುತ್ತದೆ. ಇ-ಪುಸ್ತಕವಾಗಿ ಅದು ಬಿಡಿಯಾಗಿ ಸಿಗುತ್ತದೆ, ಅಲ್ಲಿಂದಲೇ ಆರಂಭಿಸಿ.

ನಳಿನಿ ಸಿಂಗ್ ಫಿಜಿಯಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಬೆಳೆದವರು. 2006ರಲ್ಲಿ ಶುರುವಾದ ಅವರ ಸೈ-ಚೇಂಜ್‌ಲಿಂಗ್ ಸರಣಿ ಭವಿಷ್ಯದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತ ನಡೆಯುತ್ತದೆ, ಮತ್ತು ಅದು ಮೇಲೆ ಹೇಳಿದ ಎರಡನೆಯ ಬಗೆಯದು: ಪ್ರತಿ ಪುಸ್ತಕಕ್ಕೆ ಹೊಸ ಜೋಡಿ. ಚಿರತೆಗಳ ಹಿಂಡಿನಿಂದ ಆರಂಭವಾದರೂ ಸಿಯೆರಾ ನೆವಾಡಾ ಬೆಟ್ಟಗಳ ಸ್ನೋಡ್ಯಾನ್ಸರ್ ತೋಳಗಳು ಬರಬರುತ್ತ ಮನಸ್ಸನ್ನು ಆವರಿಸುತ್ತವೆ. ಇಲ್ಲಿನ ಹಿಂಡು ನಿಜಕ್ಕೂ ಬೆಚ್ಚಗಿನದು. ಮಕ್ಕಳನ್ನು ಎಲ್ಲರೂ ಸೇರಿ ಸಾಕುತ್ತಾರೆ, ನೊಂದವರನ್ನು ಮುಟ್ಟಿ ಸಂತೈಸುತ್ತಾರೆ, ಹೆಂಗಸರು ಕಾವಲು ಪಡೆಯಲ್ಲೂ ಉನ್ನತ ಸ್ಥಾನದಲ್ಲಿದ್ದಾರೆ. 2007ರ ‘ಕೆರೆಸ್ಡ್ ಬೈ ಐಸ್’ ಅಪಹರಣದಿಂದ ಪಾರಾಗಿ ಬಂದ ಬ್ರೆನಾ ಎಂಬ ತೋಳಹುಡುಗಿಯ ಕಥೆ. ಅವಳನ್ನು ಕಾಪಾಡುವ ಹೆಸರಿನಲ್ಲಿ ಮನೆಯವರು ಕಟ್ಟಿಹಾಕುವುದನ್ನು ಅವಳು ಒಪ್ಪದಿರುವ ಬಗೆ ಹೃದಯ ತಟ್ಟುತ್ತದೆ. 2011ರ ‘ಕಿಸ್ ಆಫ್ ಸ್ನೋ’ ನಾಯಕ ಹಾಕ್‌ನ ಕಥೆ. ಅದನ್ನು ಓದಲು ಹಿಂದಿನ ಪುಸ್ತಕಗಳ ಪರಿಚಯವಿದ್ದರೆ ಸುಖ ಹೆಚ್ಚು. ಶೃಂಗಾರ ಮುಕ್ತವಾಗಿದೆ, ದೊಡ್ಡವರಿಗಷ್ಟೇ.

ಇಲೋನಾ ಆ್ಯಂಡ್ರೂಸ್ ಎಂಬ ಹೆಸರಿನಲ್ಲಿ ದಂಪತಿಗಳು ಬರೆಯುವ ಕೇಟ್ ಡೇನಿಯಲ್ಸ್ ಸರಣಿಯಲ್ಲಿ ನಾಯಕ ತೋಳವಲ್ಲ, ಸಿಂಹ. ಹಿಂಡು ಹಲವು ಕುಲಗಳ ಒಂದು ರಾಜ್ಯ. ಕಾನೂನು, ಕಂದಾಯ, ಕುಲಗಳ ನಡುವಿನ ರಾಜಕೀಯ ಇಷ್ಟಪಡುವವರಿಗೆ ಇದು ಹಬ್ಬ. ಪ್ರೇಮ ನಾಲ್ಕನೆಯ ಪುಸ್ತಕದವರೆಗೂ ಕಾಯಿಸುತ್ತದೆ. 2007ರಿಂದ 2018ರವರೆಗೆ ಬಂದ ಹತ್ತು ಮುಖ್ಯ ಸಂಪುಟಗಳಲ್ಲಿ ಕಥೆ ಪೂರ್ಣವಾಗಿದೆ.

ಮಗಳಿಗಾಗಿ ಕೇಳುವ ತಾಯಂದಿರಿಗೆ ನನ್ನ ಉತ್ತರ ಮ್ಯಾಗಿ ಸ್ಟೀಫ್‌ವಾಟರ್ ಅವರ ‘ಶಿವರ್’. 2009ರಿಂದ 2011ರವರೆಗೆ ಬಂದ ಈ ತ್ರಿವಳಿಯಲ್ಲಿ ರೂಪಾಂತರಕ್ಕೆ ಕಾರಣ ಹುಣ್ಣಿಮೆಯಲ್ಲ, ಚಳಿ. ಮಿನೆಸೋಟಾದ ಚಳಿಗಾಲದಲ್ಲಿ ಸ್ಯಾಮ್ ತೋಳ, ಬೇಸಗೆಯಲ್ಲಿ ಹುಡುಗ. ವರ್ಷದಿಂದ ವರ್ಷಕ್ಕೆ ಮನುಷ್ಯನಾಗಿರುವ ಅವಧಿ ಕುಗ್ಗುತ್ತ ಒಂದು ದಿನ ಇಲ್ಲವಾಗುತ್ತದೆ. ಯಾರೂ ಯಾರ ಮೇಲೂ ಅಧಿಕಾರ ಹೂಡದ, ಕಳೆದುಕೊಳ್ಳುವ ಭಯವೇ ಎದುರಾಳಿಯಾದ ಪ್ರೇಮಕಥೆ ಇದು. ದೈಹಿಕ ಸಾಮೀಪ್ಯ ಇದೆ, ಸಾವಿನ ನೆರಳೂ ಇದೆ. ಹದಿನೈದು ದಾಟಿದ ಮಕ್ಕಳಿಗೆ ಸರಿ, ತಾಯಿಯೂ ಜೊತೆಗೆ ಓದಿದರೆ ಇನ್ನೂ ಸರಿ.

ಭಾರತದ ಮಣ್ಣಿನ ಕಥೆ ಬೇಕೆನ್ನುವವರಿಗೆ ಇಂದ್ರ ದಾಸ್ ಅವರ ‘ದ ಡಿವೌರರ್ಸ್’ ಇದೆ, 2015ರದು. ಕೊಲ್ಕತ್ತದ ಇತಿಹಾಸ ಅಧ್ಯಾಪಕನೊಬ್ಬನಿಗೆ ಅಪರಿಚಿತನೊಬ್ಬ ಹೇಳುವ ಕಥೆ ಮೊಘಲರ ಕಾಲಕ್ಕೆ ಇಳಿಯುತ್ತದೆ. ಇದನ್ನು ಪ್ರೇಮಕಾದಂಬರಿಯೆಂದು ನಂಬಿ ತೆರೆಯಬೇಡಿ. ಇಲ್ಲಿ ರೂಪಾಂತರಿಗಳು ಮನುಷ್ಯರನ್ನು ತಿನ್ನುತ್ತಾರೆ, ಅತ್ಯಾಚಾರವೊಂದು ಕಥೆಯ ನಡುವಿನಲ್ಲಿದೆ. ಆದರೆ ಅದಕ್ಕೆ ಒಳಗಾದ ಹೆಣ್ಣಿಗೆ ತನ್ನ ಕಥೆಯನ್ನು ತಾನೇ ಹೇಳುವ ಅವಕಾಶ ಸಿಗುತ್ತದೆ, ಅವಳ ದನಿ ಇಡೀ ಪುಸ್ತಕದಲ್ಲಿ ಅತ್ಯಂತ ಗಟ್ಟಿಯಾದುದು. ಮೇಲಿನ ಎಲ್ಲಕ್ಕಿಂತ ಸಾಹಿತ್ಯದ ತೂಕ ಹೆಚ್ಚು, ಓದಿನ ಆಯಾಸವೂ ಹೆಚ್ಚು.

ಇನ್ನು ಮೊಬೈಲ್ ಆ್ಯಪುಗಳಲ್ಲಿ ಅಧ್ಯಾಯ ಅಧ್ಯಾಯವಾಗಿ ಬರುವ ಕಥೆಗಳು. ನಾಯಕ ತನಗೆ ವಿಧಿಸಿದ ಸಂಗಾತಿಯನ್ನು ಹಿಂಡಿನ ಮುಂದೆ ತಿರಸ್ಕರಿಸುವುದು, ಅವಳು ಎದ್ದು ನಿಂತ ಮೇಲೆ ಅವನು ಪಶ್ಚಾತ್ತಾಪ ಪಡುವುದು ಇವುಗಳ ಮೆಚ್ಚಿನ ಹಂದರ. ಅವಮಾನಕ್ಕೊಳಗಾದವಳು ತಲೆಯೆತ್ತುವುದನ್ನು ನೋಡುವ ಸುಖವನ್ನು ನಾನು ಕಡೆಗಣಿಸುವುದಿಲ್ಲ, ಹಲವರಿಗೆ ಈ ಪ್ರಕಾರದ ಬಾಗಿಲು ತೆರೆದದ್ದೂ ಇವೇ. ಆದರೆ ಮೊದಲ ಕೆಲವು ಅಧ್ಯಾಯಗಳು ಉಚಿತವಾಗಿದ್ದು, ಆಮೇಲೆ ಪ್ರತಿ ಅಧ್ಯಾಯಕ್ಕೂ ನಾಣ್ಯ ಕೇಳುವ ಆ್ಯಪುಗಳಲ್ಲಿ ನೂರಾರು ಅಧ್ಯಾಯಗಳ ಒಟ್ಟು ಖರ್ಚು ಒಂದು ಒಳ್ಳೆಯ ಪುಸ್ತಕದ ಬೆಲೆಯನ್ನು ಎಂದೋ ದಾಟಿರುತ್ತದೆ. ಹಾಸ್ಟೆಲಿನಲ್ಲಿರುವವರು ಇದನ್ನು ಮುಂಚೆಯೇ ಲೆಕ್ಕ ಹಾಕಬೇಕು. ಅದಕ್ಕಿಂತ ಮುಖ್ಯವಾಗಿ, ಇಂಥ ಎಷ್ಟೋ ಕಥೆಗಳಲ್ಲಿ ಹೆಣ್ಣಿನ ನಿರಾಕರಣೆ ಗಂಡಿನ ಹಟವನ್ನು ಕೆರಳಿಸುವ ಸಾಧನವಾಗಿ ಮಾತ್ರ ಉಳಿಯುತ್ತದೆ; ನನ್ನ ಮುಖ್ಯ ಅಳತೆಗೋಲು ಅಲ್ಲಿಯೇ ಮುರಿಯುತ್ತದೆ.

ಬೆಲೆಯ ಬಗ್ಗೆ ಹೇಳುವುದಾದರೆ, ಇವುಗಳಲ್ಲಿ ಬಹುಪಾಲು ಆಮದಾಗಿ ಬರುವ ಪುಸ್ತಕಗಳು. ಹೊಸ ಪ್ರತಿಗೆ ಅಂಗಡಿಯಲ್ಲಿ ಹೇಳಿ ತರಿಸಬೇಕಾದೀತು, ಇ-ಪುಸ್ತಕ ಸಾಮಾನ್ಯವಾಗಿ ಅಗ್ಗ. ಮುಂಬಯಿಗೆ ಹೋಗಿಬರುವವರು ಫ್ಲೋರಾ ಫೌಂಟನ್ ಬಳಿಯ ಪಾದಚಾರಿ ದಾರಿಯ ಹಳೆ ಪುಸ್ತಕದವರಲ್ಲಿ ನೋಡಬಹುದು, ಆದರೆ ಅಂಥಲ್ಲಿ ಸರಣಿಯ ನಡುವಿನ ಸಂಪುಟಗಳು ಕೈಗೆ ಬರುವ ಸಂಭವವೇ ಹೆಚ್ಚು. ಬಿಡಿಯಾಗಿ ಸಿಕ್ಕರೂ ಓದಿ ಸುಖಪಡಬಹುದಾದದ್ದು ನಳಿನಿ ಸಿಂಗ್ ಮಾತ್ರ. ಬ್ರಿಗ್ಸ್ ಮತ್ತು ಇಲೋನಾ ಆ್ಯಂಡ್ರೂಸ್ ಅವರ ನಡುವಿನ ಸಂಪುಟ ಎಷ್ಟೇ ಅಗ್ಗವಾಗಿ ಸಿಕ್ಕರೂ ಮೊದಲನೆಯದು ಓದಿರದಿದ್ದರೆ ಬಿಟ್ಟುಬಿಡಿ. ಒಂದೇ ಪುಸ್ತಕ ಕೊಳ್ಳುವಷ್ಟು ಹಣವಿದ್ದರೆ ‘ಬಿಟನ್’ ತೆಗೆದುಕೊಳ್ಳಬಹುದು, ಅದು ತನ್ನಷ್ಟಕ್ಕೆ ಪೂರ್ಣ. ವರ್ಷವಿಡೀ ಜೊತೆಗಿರುವ ಲೋಕ ಬೇಕಾದರೆ ಮರ್ಸಿ. ಅದರ 14ನೆಯ ಸಂಪುಟ 2024ರಲ್ಲಿ ಬಂದಿದೆ. ಹಿಂಸೆಯ ನೆನಪು ಮನಸ್ಸಿಗೆ ಹತ್ತಿರವಿರುವವರು ‘ಆಲ್ಫಾ ಆ್ಯಂಡ್ ಒಮೆಗಾ’ವನ್ನೂ ‘ಡಿವೌರರ್ಸ್’ ಅನ್ನೂ ಈಗ ಕೈಗೆತ್ತಿಕೊಳ್ಳದೆ ‘ಶಿವರ್’ನಿಂದ ತೊಡಗಬಹುದು. ಗೆಳತಿಯರು ಕೂಡಿ ಓದುವ ಬಳಗಗಳಿಗೆ ‘ಬಿಟನ್’ ಮತ್ತು ಮೊದಲ ಕಿಟಿ ಪುಸ್ತಕವನ್ನು ಜೋಡಿಯಾಗಿ ಓದಿ ಎನ್ನುತ್ತೇನೆ. ಒಬ್ಬಳು ಹಿಂಡಿಗೆ ಮರಳಿದಳು, ಇನ್ನೊಬ್ಬಳು ಹೊರಟಳು. ಯಾರ ನಿರ್ಧಾರವನ್ನು ತಾವು ಒಪ್ಪುತ್ತೇವೆಂಬುದನ್ನು ಬಳಗದವರು ಮೊದಲು ಒಬ್ಬೊಬ್ಬರಾಗಿ ಬರೆದಿಟ್ಟುಕೊಂಡು, ಆಮೇಲೆ ಮಾತಿಗೆ ಕುಳಿತರೆ ಚರ್ಚೆ ಹೆಚ್ಚು ಬಿಚ್ಚುಮನಸ್ಸಿನದಾಗುತ್ತದೆ.